ಸ್ನಾನಕ್ಕೊಂದು ಸ್ಕೂಟಿ

ನನಗೆ ಹದಿನೇಳು ತುಂಬಿದ ವರ್ಷ ಅಪ್ಪ ನನಗೊಂದು ಸ್ಕೂಟಿ ಕೊಡಿಸಲು ತಯಾರಾಗಿದ್ದರು. ಅದಕ್ಕೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ಒಂದು ತಿಂಗಳು ದಿನಾ ಸ್ನಾನ. ಪುಣೆ ಹತ್ತಿರದ ಭೋಸರಿಯ ನಮ್ಮ ಚಾಳಿನ ಬೇರೆ ಹುಡುಗಿಯರು ತೊಂಬತ್ತು ಪರ್ಸೆಂಟ್ ತೆಗೆದು ತಂದರೂ ಒಂದು ಕೈಗಡಿಯಾರಕ್ಕೆ ಗೋಗರೆಯುತ್ತಿದ್ದರು. ನನಗೆ ಎರಡು ಬಕೆಟ್ ಬಿಸಿನೀರಿಗೆ ಗಾಡಿ ಬಾಗಿಲಿಗೆ ಬರುವುದಿತ್ತು. ನಾನು ಒಲ್ಲೆ ಅಂದೆ. ಹಠದಿಂದಲ್ಲ. ಸ್ಕೂಟಿ ಬೇಕು ಅಂತ ಅನ್ನಿಸಲೇ ಇಲ್ಲ.

ಓದಿದವರಿಗೆ ನಾನು ಕೊಳಕಿ ಅನ್ನಿಸಿದರೆ ಅನ್ನಿಸಲಿ. ಈಗ ನನಗೆ ಇಪ್ಪತ್ತಮೂರು, ದಿನಾ ಸ್ನಾನ ಮಾಡುತ್ತೇನೆ, ಅದಕ್ಕೆ ಯಾರೂ ಒಂದು ಚಾಕಲೇಟನ್ನೂ ಕೊಡುವುದಿಲ್ಲ. ಖಡಕಿಯ ಒಂದು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಗೆ ಕೆಲವು ತಾಯಂದಿರು ಬರುತ್ತಾರೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಸುತ್ತ ಯಾರೂ ಇಲ್ಲದಾಗ ಕೌಂಟರಿನ ಮೇಲೆ ಸರಿಸುತ್ತಾರೆ. ಬಿಚ್ಚಿ ನೋಡಿದರೆ ನಾನು ಹದಿನೇಳರಲ್ಲಿ ನುಂಗಿದ ಗುಳಿಗೆಯ ಹೆಸರೇ. ಮಗನಿಗೆ, ಹದಿನಾರು ವರ್ಷ, ಅನ್ನುತ್ತಾರೆ, ಕಳ್ಳಮಾಲು ಕೊಳ್ಳುವವರ ದನಿಯಲ್ಲಿ. ಹಿಂದೆ ಕೆಮ್ಮಿನ ಔಷಧಕ್ಕೆ ನಿಂತವರು ಅವಸರ ಮಾಡುತ್ತಿರುತ್ತಾರೆ, ಹಾಗಾಗಿ ನಾನು ‘ಊಟದ ನಂತರ’ ಅಂತಷ್ಟೇ ಹೇಳಿ ಕಳಿಸುತ್ತೇನೆ. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಿನ್ನತೆ ಅಂದರೆ ಅಳುತ್ತ ಕೂಡುವುದು ಅಂತ ನಾನೂ ಅಂದುಕೊಂಡಿದ್ದೆ. ನನಗೆ ಅಳು ಬರಲಿಲ್ಲ. ಹನ್ನೆರಡನೆಯ ತರಗತಿಯ ದೀಪಾವಳಿ ರಜೆ ಮುಗಿದ ಮೇಲೆ ಒಂದು ಸಂಜೆ ಗೆಳತಿಯರ ಜೊತೆ ಪಾಣಿಪುರಿ ತಿನ್ನುತ್ತಿದ್ದೆ. ಹುಳಿ ಗೊತ್ತಾಯಿತು, ಖಾರ ಗೊತ್ತಾಯಿತು, ಮೂಗಿನಲ್ಲಿ ನೀರೂ ಬಂತು. ಇನ್ನೊಂದು ಬೇಕು ಅಂತ ಮಾತ್ರ ಅನ್ನಿಸಲಿಲ್ಲ. ಅರ್ಧ ಪ್ಲೇಟನ್ನು ಪಕ್ಕದವಳಿಗೆ ಕೊಟ್ಟೆ, ಅವಳು ನನ್ನನ್ನು ದೇವತೆಯ ಹಾಗೆ ನೋಡಿದಳು. ಮರುವಾರ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಇಡೀ ವರ್ಗಕ್ಕೆ ಮೊದಲು ಬಂದೆ. ಸರ್ ಹೆಸರು ಕೂಗಿದಾಗ ಬೇರೆ ಯಾರದೋ ಕೊರಿಯರ್ ನನ್ನ ಕೈಗೆ ಬಂದ ಹಾಗಾಯಿತು. ಆಮೇಲೆ ಒಂದೊಂದಾಗಿ ಓದು ಬಿಟ್ಟಿತು, ಗೆಳತಿಯರು ಬಿಟ್ಟರು, ತಲೆ ಬಾಚುವುದು ಬಿಟ್ಟಿತು. ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನಿಸಿದರೆ ಯಾರಾದರೂ ಯಾಕೆ ಮಾಡುತ್ತಾರೆ? ಒಳಗೆ ಉಳಿದದ್ದು ಒಂದೇ ಹೆದರಿಕೆ. ‘ಬೇಕು’ ಅನ್ನುವುದು ಒಮ್ಮೆ ಹೋದರೆ ಮತ್ತೆ ಬರುತ್ತದೆಯೇ? ಬರದಿದ್ದರೆ ಮುಂದಿನ ಐವತ್ತು ವರ್ಷ ಕೂತು ಏನು ಮಾಡುವುದು?

ನಮ್ಮ ಅಪ್ಪ ಮಲ್ಲಿಕಾರ್ಜುನ, ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಇಂಡಿ ತಾಲೂಕಿನಿಂದ ಬಂದು ಆಗ ಇಪ್ಪತ್ತೈದು ವರ್ಷವಾಗಿತ್ತು. ಮಷಿನ್ನಿನಿಂದ ಇಳಿದ ಮಾಲನ್ನು ಅಳೆದು, ಇದು ಪಾಸು, ಇದು ಫೇಲು ಅನ್ನುವುದು ಅವರ ಕೆಲಸ. ಮಾಲು ಕೆಟ್ಟರೆ ಅವರಲ್ಲಿ ಒಂದು ಪದ್ಧತಿ ಇದೆ: ಐದು ಸಲ ‘ಯಾಕೆ’ ಅಂತ ಕೇಳಬೇಕು, ಐದನೆಯ ಉತ್ತರವೇ ಮೂಲ ಕಾರಣ. ಅದನ್ನು ಫಾರ್ಮಿನಲ್ಲಿ ಬರೆದು ಸಹಿ ಹಾಕಿದರೆ ಮುಂದೆ ಮಾಲು ಕೆಡುವುದಿಲ್ಲ ಎಂದು ಅಪ್ಪನ ದೃಢ ನಂಬಿಕೆ. ಒಂದು ಭಾನುವಾರ ಖಾಲಿ ಫಾರ್ಮ್ ಹಿಡಿದುಕೊಂಡು ನನ್ನ ಹಾಸಿಗೆಯ ಪಕ್ಕ ಬಂದು ಕುಳಿತರು.

“ಪಲ್ಲವಿ, ಹನ್ನೊಂದ್ ಹೊಡೀತು. ಯಾಕ ಎದ್ದಿಲ್ಲವಾ?”

“ಏಳಾಕ ಆಗಲಿಲ್ಲ.”

“ಯಾಕ ಆಗಲಿಲ್ಲ?”

“ಮನಸ್ಸಾಗಲಿಲ್ಲ.”

“ಯಾಕ ಮನಸ್ಸಾಗಲಿಲ್ಲ?”

“ಎದ್ದು ಏನ್ ಮಾಡೂದದ?”

“ಯಾಕ, ಏನೂ ಇಲ್ಲೇನು?”

“ಗೊತ್ತಿಲ್ಲಪ್ಪಾ.”

“ಯಾಕ ಗೊತ್ತಿಲ್ಲ?”

ಐದು ಮುಗಿದವು. ನಾನು ಗೋಡೆ ಕಡೆ ಹೊರಳಿದೆ. ಅಪ್ಪ ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಮೂಲ ಕಾರಣದ ಮುಂದೆ ‘ಮೊಬೈಲ್’ ಎಂದು ಬರೆದರು. ಕಾರ್ಖಾನೆಯಲ್ಲಿ ಯಾವ ಮಾಲು ಕೆಟ್ಟರೂ ಕೊನೆಗೆ ‘ಆಪರೇಟರನ ನಿಷ್ಕಾಳಜಿ’ ಎಂದು ಬರೆಯುವುದು ರೂಢಿಯಂತೆ. ಮನೆಯಲ್ಲಿ ಅದರ ಜಾಗಕ್ಕೆ ಮೊಬೈಲ್ ಬಂದಿತ್ತು, ಅಷ್ಟೇ. ತಕ್ಷಣ ಜಪ್ತಿಗೆ ಹೊರಟರು. ದಿಂಬಿನ ಕೆಳಗೆ ಸಿಕ್ಕ ಮೊಬೈಲು ಮೂರು ದಿನದಿಂದ ಚಾರ್ಜಿಲ್ಲದೆ ಸತ್ತು ಬಿದ್ದಿತ್ತು. ಅಪ್ಪ ಅದರ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಹದಿನೇಳು ವರ್ಷದ ಮಗಳು ಮೂರು ದಿನದಿಂದ ಮೊಬೈಲ್ ಮುಟ್ಟಿಲ್ಲ ಎಂಬುದು ಅರ್ಥವಾಗಿ ಅವರ ಮುಖ ಬಿಳಿಚಿತು. ನಮ್ಮ ಮನೆಯಲ್ಲಿ ಮೊದಲು ಹೆದರಿದವರು ಅವರು.

ಹೆದರಿದ ಅಪ್ಪ ಸುಮ್ಮನೆ ಕೂರುವವರಲ್ಲ. ನಮ್ಮ ಅಡುಗೆಮನೆಯಲ್ಲಿ ಸಾಲಾಗಿ ಹನ್ನೊಂದು ಸ್ಟೀಲ್ ಡಬ್ಬಿಗಳಿವೆ, ಎಲ್ಲವೂ ಅಪ್ಪನಿಗೆ ‘ತಿಂಗಳ ಉತ್ತಮ ಕಾರ್ಮಿಕ’ ಎಂದು ಸಿಕ್ಕವು. ಬಹುಮಾನ ಇಟ್ಟರೆ ಮನುಷ್ಯ ಏಳುತ್ತಾನೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಮರುದಿನ ಅಡುಗೆಮನೆಯ ಬಾಗಿಲಿಗೆ ಒಂದು ತಖ್ತೆ ಬಂತು. ಎಡಕ್ಕೆ ಟಾರ್ಗೆಟ್, ಬಲಕ್ಕೆ ಆಗಿದ್ದು. ಸ್ನಾನ ಒಂದು, ಊಟ ಎರಡು, ಓದು ನಾಲ್ಕು ತಾಸು. ಆದರೆ ಹಸಿರು ಚುಕ್ಕಿ, ಆಗದಿದ್ದರೆ ಕೆಂಪು. ಹಸಿರಿಗೆ ಮೊದಲು ಐಸ್‌ಕ್ರೀಮು, ಆಮೇಲೆ ಬೂಟು, ಆಮೇಲೆ ಮಹಾಬಳೇಶ್ವರ ಪ್ರವಾಸ, ಕೊನೆಗೆ ಸ್ಕೂಟಿ. ನಾನು ಅಲುಗದಷ್ಟೂ ಅಪ್ಪ ಬಹುಮಾನ ಏರಿಸುತ್ತ ಹೋದರು. ಒಂದು ವಾರದಲ್ಲಿ ಬಾಗಿಲಿಗೆ ದಡಾರ ಎದ್ದ ಹಾಗೆ ಕೆಂಪು ಚುಕ್ಕಿಗಳು.

ಅಜ್ಜಿಯದು ಬೇರೆ ವ್ಯವಹಾರ. ಅಪ್ಪನ ತಾಯಿ ಗಂಗವ್ವ ಊರದೇವಿ ದ್ಯಾಮವ್ವನ ಜೊತೆ ನೇರ ಮಾತುಕತೆ ಇಟ್ಟುಕೊಂಡವಳು. “ಹುಡುಗಿ ಎದ್ದ್ ಕುಂತ್ರ ನಿನಗ ಹಸಿರು ಸೀರಿ,” ಎಂದು ಶುರು ಮಾಡಿ, ಸಂಕ್ರಾಂತಿಯ ಹೊತ್ತಿಗೆ ಬೆಳ್ಳಿ ಕಣ್ಣುಗಳ ತನಕ ಬಂದಿದ್ದಳು. ತಾಯಿ ಮಗ ಇಬ್ಬರದೂ ಒಂದೇ ಕರಾರು: ಮೊದಲು ಕೆಲಸ, ಆಮೇಲೆ ಬಹುಮಾನ. ದ್ಯಾಮವ್ವನೂ ನನ್ನ ಹಾಗೆ ಅಲುಗಲಿಲ್ಲ. ಆ ದಿನಗಳಲ್ಲಿ ನನ್ನನ್ನು ಅರ್ಥ ಮಾಡಿಕೊಂಡವಳು ಅವಳೊಬ್ಬಳೇ ಅನ್ನಿಸುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಕಾರ್ಖಾನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರು. ಅಪ್ಪ ತಮ್ಮ ಬಿಪಿ ತೋರಿಸಲು ಹೋಗಿ ನನ್ನ ತಖ್ತೆಯ ಫೋಟೋ ತೋರಿಸಿದ್ದರು. ಆತ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಇದು ಬಹುಮಾನದ ಕೇಸಲ್ಲ, ಮನಸ್ಸಿನ ಡಾಕ್ಟರ ಕೇಸು ಎಂದು ಒಂದು ಹೆಸರು ಬರೆದುಕೊಟ್ಟರು. ಮನೆಯಲ್ಲಿ ಸುದ್ದಿ ಹೇಳಿದಾಗ ಅವ್ವ ಕೈಯಲ್ಲಿದ್ದ ಬ್ಲೌಜಿನ ಹೊಲಿಗೆ ನಿಲ್ಲಿಸಿ, “ನಮ್ಮ ಹುಡುಗಿ ಹುಚ್ಚಿ ಅಲ್ಲ,” ಎಂದಳು. ಯಾರೂ ಹಾಗೆ ಅಂದಿರಲಿಲ್ಲ. ಮರುಕ್ಷಣವೇ ಅವಳು ಯೋಚಿಸಿದ್ದು ಪಕ್ಕದ ಮನೆಯ ಶಿಂದೆ ಕಾಕು ಏನು ಕೇಳುತ್ತಾಳೆ ಎಂದು.

ಹಾಗಾಗಿ ಚಾಳಿಗೆಲ್ಲ ನಾವು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಸುಳ್ಳು ಚೆನ್ನಾಗಿಯೇ ಇತ್ತು, ಆದರೆ ಅವ್ವ ಅದರ ಪೂರ್ತಿ ವಿಚಾರ ಮಾಡಿರಲಿಲ್ಲ. ಮೂರು ವಾರದ ಮೇಲೆ ಕಾಕು ನನ್ನ ಬಾಯಿ ತೆರೆಸಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಎಲ್ಲ ಹಲ್ಲೂ ಮೊದಲಿನ ಹಾಗೇ ಇವೆಯಲ್ಲ, ಆ ಡಾಕ್ಟರು ಮೋಸಗಾರ, ನಾನೇ ಬಂದು ಜಗಳ ಮಾಡುತ್ತೇನೆ ಎಂದು ಸೀರೆ ಬದಲಾಯಿಸಲು ಹೊರಟಳು. ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ತನ್ನ ಹರಕು ಮರಾಠಿಯಲ್ಲಿ ನಿಜ ಹೇಳಿಬಿಟ್ಟಳು. ಕಾಕು ಒಳಗೆ ಹೋಗಿ ಒಂದು ಹಳೆಯ ಪೌಡರ್ ಡಬ್ಬಿ ತಂದಳು. ಅದರಲ್ಲಿ ಗುಳಿಗೆಯ ಸ್ಟ್ರಿಪ್ಪುಗಳಿದ್ದವು. “ಮಾಝೀ ಪಿವಳೀ,” ಎಂದಳು, ನನ್ನದು ಹಳದಿ. “ತಿಚೀ ಕುಠಲೀ?” ಅವಳದು ಯಾವುದು? ಆರು ವರ್ಷದಿಂದ ಗೋಡೆಯ ಆಚೆ ಅವಳೂ ಯಾರಿಗೂ ಹೇಳದೆ ನುಂಗುತ್ತಿದ್ದಳಂತೆ. ಅವತ್ತು ಅವ್ವ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಡಾಕ್ಟರ ಕ್ಲಿನಿಕ್ಕು ಊರೊಳಗಿನ ಪೇಟೆಯ ಒಂದು ಗಲ್ಲಿಯಲ್ಲಿ, ಮೊದಲ ಮಹಡಿಯ ಮೇಲೆ. ಭೋಸರಿಯಿಂದ ಎರಡು ಬಸ್ಸು. ಆ ಕಾಯುವ ಕೋಣೆಯಷ್ಟು ಶಿಸ್ತಿನ ಜಾಗ ನಾನು ಬೇರೆ ಕಂಡಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಗದ್ದಲ, ಮೂಳೆ ಡಾಕ್ಟರ ಹತ್ತಿರ ನರಳಾಟ, ಇಲ್ಲಿ ಹದಿನೆಂಟು ಜನ ಹದಿನೆಂಟು ಟೈಲ್ಸ್ ಹಂಚಿಕೊಂಡು ನೋಡುತ್ತ ಕೂತಿರುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಈ ಶಿಸ್ತು ಮುರಿದವಳು ಅಜ್ಜಿ. ಹದಿನೈದು ವರ್ಷದಿಂದ ಪುಣೆಯಲ್ಲಿದ್ದು ಒಂದು ಮರಾಠಿ ಶಬ್ದ ಕಲಿಯದ ಅಜ್ಜಿ, ಪಕ್ಕದ ಕುರ್ಚಿಯ ಟೈ ಕಟ್ಟಿದ ಗೃಹಸ್ಥನಿಗೆ ನೇರವಾಗಿ, “ನಿನಗೇನಾಗೇದಪ್ಪಾ?” ಎಂದು ಕೇಳಿದಳು. ಆತನಿಗೆ ಕನ್ನಡ ಬಾರದು. ಆದರೂ ಐದು ನಿಮಿಷ ಮರಾಠಿಯಲ್ಲಿ ಎಲ್ಲ ಹೇಳಿಕೊಂಡ. ಅಜ್ಜಿ ಏನೂ ತಿಳಿಯದೆ, “ಹೌದಪ್ಪಾ, ಹಂಗ ಆಗತದ,” ಎಂದು ಅವನ ಕೈ ಸವರಿದಳು. ಆತ ಡಾಕ್ಟರನ್ನು ಕಾಣದೆಯೇ ಅರ್ಧ ಗುಣವಾದವನ ಹಾಗೆ ಕಂಡ.

ಡಾಕ್ಟರ್ ಮ್ಯಾಡಮ್ ಐವತ್ತರ ಹೆಂಗಸು, ಮೆಲುದನಿ, ಅವಸರವಿಲ್ಲ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ನನ್ನೊಬ್ಬಳನ್ನೇ ಕೂರಿಸಿಕೊಂಡು ಮುಕ್ಕಾಲು ತಾಸು ಮಾತಾಡಿದರು. ಎರಡನೆಯ ಸಲ ಅಲ್ಲಿ ಕಲಿಯಲು ಬಂದಿದ್ದ ತನ್ವಿ ಎಂಬ ಹುಡುಗಿ, ಮನಸ್ಸಿದ್ದರೆ ಒಂದು ಆಟ ಆಡುತ್ತೀಯಾ ಎಂದು ಲ್ಯಾಪ್‌ಟಾಪ್ ಮುಂದಿಟ್ಟಳು. ಪರದೆಯ ಮೇಲೆ ಎರಡು ಚಿತ್ರ, ಒಂದು ಕೊಡೆ, ಒಂದು ಕೆಟಲ್. ಯಾವುದಾದರೂ ಒಂದನ್ನು ಒತ್ತಬೇಕು. ಒತ್ತಿದರೆ ಒಮ್ಮೊಮ್ಮೆ ನಕ್ಷತ್ರ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಒಂದು ಚಿತ್ರ ಇನ್ನೊಂದಕ್ಕಿಂತ ಹೆಚ್ಚು ಉದಾರಿ. ಯಾವುದು ಎಂದು ಆಡುತ್ತ ಆಡುತ್ತ ಕಂಡುಕೊಳ್ಳಬೇಕು. ನಾನು ಒತ್ತಿದೆ. ನಕ್ಷತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹದಿನೈದು ನಿಮಿಷ ಅಕ್ಕಿ ಆರಿಸುವವರ ಹಾಗೆ ಒತ್ತುತ್ತ ಕೂತೆ. ಮುಗಿದ ಮೇಲೆ ಯಾವುದು ಹೆಚ್ಚು ಕೊಟ್ಟಿತು ಎಂದು ತನ್ವಿ ಕೇಳಿದಳು. ಎರಡೂ ಒಂದೇ ಎಂದೆ.

ಹಿಂದೆ ಕೂತು ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. “ಒಂದ ಹೆಂಗವಾ? ಆ ಕೊಡಿ ಎಷ್ಟ್ ಕೊಡತದ, ಆ ಚಾದ ಕಿತ್ಲಿ ಬರೇ ನಾಟಕ ಮಾಡತದ. ಸರಿ, ನಾ ಒತ್ತತೀನಿ.” ತನ್ವಿ ನಗುತ್ತ ಜಾಗ ಬಿಟ್ಟಳು. ಅಜ್ಜಿ ಕೊಡೆಯನ್ನು ಒತ್ತಿದಳು. ನಕ್ಷತ್ರ ಬಂದಾಗಲೆಲ್ಲ ತೊಡೆ ತಟ್ಟಿ, “ಬಂತ್ ನೋಡ!” ಅನ್ನುವಳು, ಬರದಿದ್ದರೆ, “ಇರಲಿ, ದಣದದ,” ಎಂದು ಕೊಡೆಗೆ ಮಾಫಿ ಕೊಡುವಳು. ನಡುವೆ ಆಟ ಒಳಗೊಳಗೇ ತಿರುಗಿಕೊಂಡು ಕೊಡೆ ಕೊಡುವುದನ್ನು ನಿಲ್ಲಿಸಿತು. ಅಜ್ಜಿ ನಾಲ್ಕು ಸಲ ನೋಡಿ, “ಇದರ ನೀಯತ್ತ ಕೆಡ್ತು,” ಎಂದು ಹಿಂದೆ ನೋಡದೆ ಕೆಟಲಿಗೆ ಹೋದಳು. ಎಪ್ಪತ್ತೊಂದು ವರ್ಷದ, ಜೀವಮಾನದಲ್ಲಿ ಲ್ಯಾಪ್‌ಟಾಪ್ ಮುಟ್ಟದ ಹೆಂಗಸು.

ನಾನು ಅವಳ ಮುಖ ನೋಡುತ್ತಿದ್ದೆ. ಅವಳಿಗೆ ಆ ಪುಟ್ಟ ಹಳದಿ ನಕ್ಷತ್ರ ತಾಗುತ್ತಿತ್ತು. ಏನೂ ಪ್ರಯೋಜನವಿಲ್ಲದ, ತಿನ್ನಲಾಗದ, ಮನೆಗೆ ಒಯ್ಯಲಾಗದ ನಕ್ಷತ್ರ ಬಂದಾಗ ಅವಳ ಕಣ್ಣು ಅಗಲವಾಗುತ್ತಿತ್ತು. ನನಗೆ ಅದು ತಾಗಿರಲಿಲ್ಲ. ತಾಗದ್ದರಿಂದ ನೆನಪಿನಲ್ಲಿ ಉಳಿಯಲಿಲ್ಲ, ಉಳಿಯದ್ದರಿಂದ ನಾನು ಏನೂ ಕಲಿಯಲಿಲ್ಲ. ಇಷ್ಟು ದಿನ ನಾನು ಸೋಮಾರಿ, ಕೃತಘ್ನಳು, ಕೆಟ್ಟವಳು ಅಂದುಕೊಂಡಿದ್ದೆ. ಮೊದಲ ಸಲ, ಇದು ನನ್ನ ಗುಣವಲ್ಲ, ನನಗಾದದ್ದು ಅನ್ನಿಸಿತು. ಆ ಹಗುರ ಇವತ್ತಿಗೂ ನೆನಪಿದೆ.

ಇದು ಬರೀ ಆಟ, ಇದರಿಂದ ಒಬ್ಬರ ರೋಗ ಹೇಳಲಾಗದು ಎಂದು ಮ್ಯಾಡಮ್ ಮೊದಲೇ ಎಚ್ಚರಿಸಿದರು. ಆದರೆ ಖಿನ್ನತೆಯಲ್ಲಿ ಎಷ್ಟೋ ಮಕ್ಕಳಿಗೆ ಸಿಕ್ಕ ಖುಷಿ ಸಿಕ್ಕಷ್ಟು ತಾಗುವುದಿಲ್ಲ, ಯಾವುದಕ್ಕೆ ಕೈಚಾಚಬೇಕು ಎಂದು ಮಿದುಳು ಕಲಿಯುವ ವಯಸ್ಸಿನಲ್ಲೇ ಹೀಗಾಗುತ್ತದೆ ಎಂದರು. ಅಪ್ಪ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವರು ಒಮ್ಮೆಲೇ ಕುರ್ಚಿಯ ತುದಿಗೆ ಬಂದರು.

“ಅಂದ್ರ ಮ್ಯಾಡಮ್, ಮಷಿನ್ ಮಾಲ್ ತಗೀಲಿಕ್ಕತ್ತದ, ಅದನ್ನ ಎಣಸೂ ಕೌಂಟರ್ ಓಡವಲ್ದು?”

ನಾನು ಅದನ್ನು ಮರಾಠಿಗೆ ತಂದೆ. ಮ್ಯಾಡಮ್ ಯೋಚಿಸಿ, ಸುಮಾರು ಹಾಗೆಯೇ ಎಂದರು.

“ಹಂಗಾರ ನಾ ಇನ್ಸೆಂಟಿವ್ ಏರಿಸಿದ್ದು…” ಎಂದು ಅಪ್ಪ ನಿಲ್ಲಿಸಿದರು. ಕೌಂಟರ್ ಕೆಟ್ಟ ಮಷಿನ್ನಿನ ಮುಂದೆ ನಿಂತು ಬಹುಮಾನ ಕೂಗುವವನನ್ನು ಕಾರ್ಖಾನೆಯಲ್ಲಿ ಏನೆಂದು ಕರೆಯುತ್ತಾರೋ ಅವರಿಗೆ ಗೊತ್ತಿತ್ತು. ಮನೆಗೆ ಬಂದವರೇ ತಖ್ತೆ ಕಿತ್ತರು. ಚುಕ್ಕಿಗಳ ಅಂಟು ಬಾಗಿಲಿನಲ್ಲಿ ಉಳಿಯಿತು, ಅದನ್ನು ಸಂಜೆಯೆಲ್ಲ ಉಗುರಿನಿಂದ ಕೆರೆದರು. “ನನ್ನ ತಪ್ಪಾತವಾ,” ಎಂದರು, ಬಾಗಿಲಿ‌ಗೆ ಮುಖ ಮಾಡಿಕೊಂಡೇ.

ಚಿಕಿತ್ಸೆಯಲ್ಲಿ ಗುಳಿಗೆ ಇತ್ತು, ವಾರಕ್ಕೊಮ್ಮೆ ಮಾತು ಇತ್ತು, ಮತ್ತೊಂದು ವಿಚಿತ್ರ ಅಭ್ಯಾಸ ಇತ್ತು. ಮನಸ್ಸು ಬರಲಿ ಎಂದು ಕಾಯಬಾರದು. ದಿನಕ್ಕೊಂದು ಸಣ್ಣ ಕೆಲಸ ಮಾಡಬೇಕು, ಮಾಡಿದ ಮೇಲೆ ಎಷ್ಟು ಹಿತವಾಯಿತು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಬೇಕು. ಮನೆಯವರಿಗೆ ಇನ್ನೂ ಕಠಿಣ ಶಿಕ್ಷೆ: ಬಹುಮಾನ ಇಲ್ಲ, ಚಪ್ಪಾಳೆ ಇಲ್ಲ, ‘ಏನು ಬೇಕು’ ಎಂದು ಹಿಂದೆ ಬೀಳುವುದಿಲ್ಲ. ನಾನು ಸ್ನಾನ ಮಾಡಿ ಹೊರಗೆ ಬಂದರೆ ಮೂವರೂ ಗೋಡೆ, ಛಾವಣಿ, ಕ್ಯಾಲೆಂಡರು ನೋಡುತ್ತ ಕೂತಿರುತ್ತಿದ್ದರು. ಅಜ್ಜಿಗೆ ತಡೆಯಲಾಗದೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ಪೊಲೀಸರು ಬಂದಾಗ ಕದ್ದ ಮಾಲಿನ ಮೇಲೆ ಕೂತವರೂ ಇಷ್ಟು ಸಹಜವಾಗಿರಲು ಯತ್ನಿಸಿರಲಾರರು.

ನನ್ನ ಅಂಕಿಗಳು ಸೊನ್ನೆ, ಸೊನ್ನೆ, ಸೊನ್ನೆ. ಗುಳಿಗೆಯಿಂದ ಮೊದಲ ಹತ್ತು ದಿನ ಹೊಟ್ಟೆ ತೊಳಸಿತು, ಬೇರೇನೂ ಆಗಲಿಲ್ಲ. ಮಾರ್ಚಿನ ಬೋರ್ಡ್ ಪರೀಕ್ಷೆಗೆ ಕೂರಲಿಲ್ಲ. ಐದನೆಯ ವಾರ ಕೊತ್ತಂಬರಿ ತರಲು ಕೆಳಗೆ ಹೋದೆ. ಮಾರುವಾಕೆ ಕೇಳದೆಯೇ ಒಂದು ನಿಂಬೆಹಣ್ಣು ಹೆಚ್ಚಿಗೆ ಹಾಕಿದಳು. ಬಂದು ‘ಒಂದು’ ಎಂದು ಬರೆದೆ. ಅಪ್ಪ ಕದ್ದು ನೋಡಿದರು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದರು. ಮರುದಿನ ಅವರ ಕಾರ್ಖಾನೆಯ ಇಡೀ ಶಿಫ್ಟಿಗೆ ನನ್ನ ಒಂದು ಅಂಕ ಗೊತ್ತಾಗಿತ್ತು.

ಆಮೇಲೆ ಮತ್ತೆ ಸೊನ್ನೆ. ಈ ಭಾಗವನ್ನು ನಗಿಸುತ್ತ ಬರೆಯಲು ನನಗೆ ಬರುವುದಿಲ್ಲ. ಏಪ್ರಿಲಿನಲ್ಲಿ ಎರಡು ವಾರ, ಬೆಳಿಗ್ಗೆ ಏಳದಿದ್ದರೂ ನಡೆಯುತ್ತದೆ, ನಾನಿಲ್ಲದಿದ್ದರೆ ಇವರೆಲ್ಲರಿಗೆ ಹಗುರ ಎಂಬ ವಿಚಾರ ಹತ್ತಿ ಕೂತಿತ್ತು. ಮ್ಯಾಡಮ್ ನೇರವಾಗಿ ಕೇಳಿದರು, ನಾನು ನೇರವಾಗಿ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಅವ್ವನನ್ನು ಒಳಗೆ ಕರೆದು, ಇವಳನ್ನು ಒಬ್ಬಳನ್ನೇ ಬಿಡಬೇಡಿ, ಯಾವ ಹೊತ್ತಿಗಾದರೂ ಫೋನ್ ಮಾಡಿ, ನಾಡಿದ್ದೇ ಮತ್ತೆ ಕರೆತನ್ನಿ ಎಂದರು. ಅವ್ವ ಎರಡು ವಾರ ಹೊಲಿಗೆ ಮುಟ್ಟಲಿಲ್ಲ. ಮಧ್ಯಾಹ್ನವೆಲ್ಲ ನನ್ನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನೂ ಒಂದೆರಡು ಕೈಗೆತ್ತಿಕೊಂಡರೆ ಕಸಿದುಕೊಂಡು, “ನೀ ಏನೂ ಮಾಡಬ್ಯಾಡ. ಬರೇ ಇರು. ಇದ್ದ್ರ ಸಾಕವಾ,” ಅನ್ನುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಏನೂ ಮಾಡದೆ ನಾನು ಸಾಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ವಾರದಲ್ಲಿ ನಾಲ್ಕು ಸೇರು ಶೇಂಗಾ ಹಿಂಡಿಯಾಯಿತು. ಆ ವಿಚಾರ ನಿಧಾನವಾಗಿ ಸಡಿಲಿತು.

ಜುಲೈ ಹೊತ್ತಿಗೆ ನಾನು ಸ್ನಾನ ಮಾಡುತ್ತಿದ್ದೆ, ಉಣ್ಣುತ್ತಿದ್ದೆ, ಕೆಲವೊಮ್ಮೆ ಮೂರು ಎಂದೂ ಬರೆಯುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಎಲ್ಲವನ್ನೂ ಅವರು ಹೇಳಿದರೆಂದು ಮಾಡುತ್ತಿದ್ದೆ. ಮಾಡಿದ ಮೇಲೆ ಚೂರು ಹಿತ, ಮಾಡುವ ಮೊದಲು ಏನೂ ಇಲ್ಲ. ಬೇಕು ಅನ್ನುವುದು ಇನ್ನೂ ಬಂದಿರಲಿಲ್ಲ. ಬರುವುದೇ ಇಲ್ಲವೇನೋ, ಹೀಗೇ ಇನ್ನೊಬ್ಬರ ಪಟ್ಟಿ ಹಿಡಿದು ಬದುಕಬೇಕೇನೋ ಎಂದು ಹೆದರಿಕೆ ಹಾಗೇ ಇತ್ತು.

ಆ ತಿಂಗಳ ಒಂದು ಗುರುವಾರ ಅಪ್ಪ ಅರ್ಧ ರಜೆ ಹಾಕಿ ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದರು. ನಮ್ಮದು ಹದಿನೇಳನೆಯ ನಂಬರು. ಎರಡು ತಾಸು ಕಾದಿದ್ದೆವು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕಿಟಕಿಯ ಆಚೆ, ಎದುರಿನ ಕಟ್ಟಡದ ಎರಡನೆಯ ಮಹಡಿಗೆ ನಾಲ್ಕು ಜನ ಹಗ್ಗ ಕಟ್ಟಿ ಒಂದು ದೊಡ್ಡ ಮೆರೂನ್ ಸೋಫಾ ಏರಿಸುತ್ತಿದ್ದರು. ಮೆಟ್ಟಿಲು ಇಕ್ಕಟ್ಟು, ಹಾಗಾಗಿ ಬಾಲ್ಕನಿಯಿಂದ ಒಳಗೆ ಹಾಕುವ ಹಂಚಿಕೆ. ಮೇಲೆ ಬನಿಯನ್ ತೊಟ್ಟ ಒಬ್ಬ ಮುದುಕರು ನಿಂತು, “ದೋರೀ ಆಹೇ ತೀ, ನೂಡಲ್ಸ್ ನಾಹೀ!” ಅದು ಹಗ್ಗ, ನೂಡಲ್ಸ್ ಅಲ್ಲ, ಎಂದು ಹಗ್ಗ ಹಿಡಿದವರನ್ನು ಗದರುತ್ತಿದ್ದರು. ಸೋಫಾ ಬಾಲ್ಕನಿಯ ತನಕ ಬಂದು ಬಾಗಿಲಿನಲ್ಲಿ ಅಡ್ಡ ಸಿಕ್ಕಿಕೊಂಡಿತು.

ನಾನು ಯಾವಾಗ ಎದ್ದು ಕಿಟಕಿಗೆ ಹೋದೆನೋ ಗೊತ್ತಿಲ್ಲ. ಅಪ್ಪ ಬಂದು ಪಕ್ಕದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಅಳೆದರು.

“ಹೋಗಂಗಿಲ್ಲ. ಮೂರ್ ಇಂಚ್ ಜಾಸ್ತಿ ಅದ.”

“ಓರೆ ಮಾಡಿದ್ರ ಹೋಗತದ,” ಎಂದೆ.

ಅವರೂ ಹಾಗೇ ಓರೆ ಮಾಡಿದರು. ಒಂದು ಮೂಲೆ ಒಳಗೆ ಹೋಯಿತು. ಹೋಗುತ್ತದೆ, ಇನ್ನು ಹೋಗುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಮೂಲೆ ಚೌಕಟ್ಟಿಗೆ ಬಡಿದು ಇಡೀ ಸೋಫಾ ಹೊರಗೆ ತೂಗಾಡಿತು. “ಛೇ!” ಎಂದು ಯಾರೋ ಜೋರಾಗಿ ಅಂದರು. ಅಂದವಳು ನಾನು. ತರಗತಿಗೇ ಮೊದಲ ಸ್ಥಾನ ಬಂದಾಗ ಏನೂ ಅನ್ನಿಸದವಳಿಗೆ, ಪರೀಕ್ಷೆ ತಪ್ಪಿದಾಗ ಏನೂ ಅನ್ನಿಸದವಳಿಗೆ, ಯಾರದೋ ಮನೆಯ ಸೋಫಾ ಒಳಗೆ ಹೋಗದ್ದಕ್ಕೆ ಭಾರಿ ಕೆಟ್ಟ ಅನ್ನಿಸಿತು. ಹಿಂದೆ ತಿರುಗಿದರೆ ಟೈಲ್ಸ್ ನೋಡುತ್ತಿದ್ದವರಲ್ಲಿ ಐದಾರು ಜನ ನಮ್ಮ ಹಿಂದೆ ನಿಂತಿದ್ದರು.

“ಸತರಾ ನಂಬರ್!” ಎಂದು ನರ್ಸ್ ಕೂಗಿದಳು. ನಮ್ಮದೇ ಹದಿನೇಳು.

ಅಪ್ಪ ಜೀವನದಲ್ಲಿ ಎಂದೂ ಪಾಳಿ ಬಿಟ್ಟವರಲ್ಲ. ರೇಶನ್ನಿನಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದಲ್ಲಿ ಕೂಡ. ನಾನು ಕಿಟಕಿಯ ಸರಳು ಬಿಡಲಿಲ್ಲ. ಅಪ್ಪ ಒಮ್ಮೆ ನರ್ಸನ್ನು ನೋಡಿದರು, ಒಮ್ಮೆ ಸರಳಿನ ಮೇಲಿದ್ದ ನನ್ನ ಕೈ ನೋಡಿದರು.

“ಮುಂದಿನವರನ್ನ ಬಿಡ್ರಿ. ನಮಗ ಜರಾ ಕೆಲಸ ಅದ,” ಎಂದು ಕನ್ನಡದಲ್ಲೇ ಹೇಳಿ ನರ್ಸಿಗೆ ಕೈಸನ್ನೆ ಮಾಡಿದರು.

ನಾನು ಅವರ ತೋಳು ಹಿಡಿದು ಎಳೆದೆ. “ಅಪ್ಪಾ, ಸೋಫಾದ ಕಾಲ್ ಎಷ್ಟ್ ಉದ್ದ ಅವ?”

ಅಪ್ಪ ಮತ್ತೆ ಕಣ್ಣು ಮುಚ್ಚಿ ಅಳೆದರು. “ನಾಕ್ ಇಂಚ್,” ಎಂದವರ ಮುಖ ಅರಳಿತು. “ಹೌದಲ್ಲ!”

“ಕಾಕಾ!” ಎಂದು ನಾನು ಗಲ್ಲಿಗೆಲ್ಲ ಕೇಳುವ ಹಾಗೆ ಮರಾಠಿಯಲ್ಲಿ ಕೂಗಿದೆ. “ಪಾಯ್ ಕಾಢಾ! ಸೋಫ್ಯಾಚೇ ಪಾಯ್!” ಕಾಲು ಬಿಚ್ಚಿರಿ, ಸೋಫಾದ ಕಾಲು.

ಮುದುಕರು ನಮ್ಮ ಕಿಟಕಿಯತ್ತ ನೋಡಿದರು. ಕೆಳಗೆ ಯಾವ ಡಾಕ್ಟರ ಬೋರ್ಡು ಇದೆ ಎಂಬುದು ಅವರಿಗೆ ಗೊತ್ತಿತ್ತು. ಕ್ಷಣ ಯೋಚಿಸಿ, ಇಷ್ಟು ಹೊತ್ತು ಬಾಯಲ್ಲಿ ಏನಿತ್ತು, ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಗದರಿ, ನಟ್ಟು ಬಿಚ್ಚುವ ಪಾನಾ ತರಲು ಒಳಗೆ ಹೋದರು. ಸೋಫಾದ ಕಾಲು ಬಿಚ್ಚಿದರು. ಅದು ಬೆಣ್ಣೆಯಂತೆ ಒಳಗೆ ಸರಿಯಿತು. ಮನಸ್ಸಿನ ಡಾಕ್ಟರ ಕಾಯುವ ಕೋಣೆಯಲ್ಲಿ ಚಪ್ಪಾಳೆ ಬಿತ್ತು.

ನಮ್ಮ ಪಾಳಿ ಮತ್ತೆ ಬರಲು ಒಂದೂವರೆ ತಾಸು ಹಿಡಿಯಿತು. ಎಲ್ಲರೂ ಮುಗಿದ ಮೇಲೆ ಒಳಗೆ ಹೋದೆವು. ಕರೆದಾಗ ಎಲ್ಲಿ ಹೋಗಿದ್ದಿರಿ ಎಂದು ಮ್ಯಾಡಮ್ ಪಟ್ಟಿ ನೋಡುತ್ತ ಕೇಳಿದರು. ಅಪ್ಪ ಸಾಹೇಬರ ಮುಂದೆ ನಿಲ್ಲುವ ಹಾಗೆ ಎದ್ದು ನಿಂತರು. ಇಪ್ಪತ್ತೈದು ವರ್ಷದ ಮರಾಠಿ ಮ್ಯಾಡಮ್ ಮುಂದೆ ಅವರಿಗೆ ಯಾವಾಗಲೂ ಕೈಕೊಡುತ್ತಿತ್ತು, ಆಗಲೂ ಕೊಟ್ಟಿತು.

“ಎಲ್ಲೂ ಹೋಗಿಲ್ರಿ ಮ್ಯಾಡಮ್. ಹುಡುಗಿಗಿ…” ಎಂದು ಕಾಯುವ ಕೋಣೆಯ ಕಡೆ ಕೈ ತೋರಿಸಿದರು. “ಹುಡುಗಿಗಿ ನೋಡಬೇಕಾಗಿತ್ತ್ರಿ.”

ಮ್ಯಾಡಮ್‌ಗೆ ತಿಳಿಯಲಿಲ್ಲ. ಎಂದಿನ ಹಾಗೆ ನನ್ನ ಕಡೆ ನೋಡಿದರು, ಅಪ್ಪ ಹೇಳಿದ್ದನ್ನು ಮರಾಠಿಯಲ್ಲಿ ಹೇಳಲಿ ಎಂದು. ನಾನು ಬಾಯಿ ತೆರೆದೆ.

“ಮಲಾ ಬಘಾಯಚಂ ಹೋತಂ,” ಎಂದೆ. ನನಗೆ ನೋಡಬೇಕಾಗಿತ್ತು.